ಮಡಚುವ ಗುಂಡಿ

"ಜೀವ ಇರೋರ ದನಿ ಮಾತ್ರ ಇದಕ್ಕೆ ತುಂಬಬಾರ್ದು," ಎಂದಳು ಸಿಂಥಸೈಜರ್ ಎಂಬ ದನಿ ತಿರುಚುವ ಯಂತ್ರಗಳನ್ನು ಕಟ್ಟುತ್ತಿದ್ದವನ ವಿಧವೆ, ಮೂಲೆಯ ಪೆಟ್ಟಿಗೆಯೊಂದನ್ನು ತೋರಿಸಿ. "ನಮ್ಮನೆಯವ್ರು ವೈರಿ ಮೇಲಿನ ಹಗೆಗೆ ಮಾಟ ಮಾಡ್ಸಿ ಕಟ್ಟಿದ್ದು. ತಪ್ಪಿ ನನ್ನ ದನಿ ಬಿತ್ತು." ಕೈ ಚಾಚಿ ತೋರಿಸಿದಳು. ಮೊಣಕೈಗೂ ಮಣಿಕಟ್ಟಿಗೂ ನಡುವೆ, ಕೀಲೇ ಇಲ್ಲದ ಕಡೆ, ಅದು ಮಡಚಿತ್ತು. "ಅದು ಒಂದ್ಸಲಕ್ಕೆ ಒಂದೇ ದನಿ ಹಿಡಿಯೋದು. ನನ್ನ ಬಿಡ್ಸೋಕೆ ಅವ್ರು ನನ್ನ ದನಿ ಅಳ್ಸಿ ತಮ್ಮದು ತುಂಬಿದ್ರು. ಮಣ್ಣು ಮಾಡೋವಾಗ ಒಂದು ಸೂಟ್‌ಕೇಸ್ ಸಾಕಾಯ್ತು. ಇದನ್ನ ಮಾರಲ್ಲ."

ಸತ್ತವನ ಹಳೆಯ ಸಾಮಾನು ಕೊಳ್ಳಲು ಬಂದಿದ್ದ ಸಿನಿಮಾ ಶಬ್ದಗಾರನಿಗೆ ನಗು ತಡೆಯಲಾಗಲಿಲ್ಲ. ದಿನಬೆಳಗಾದರೆ ದೆವ್ವಗಳಿಗೆ ಚೀರಾಟ ತಯಾರಿಸುವವನಿಗೇ ದೆವ್ವದ ಕತೆ! "ಆಯ್ತಮ್ಮ, ಮುಟ್ಟಲ್ಲ ಬಿಡಿ," ಎಂದ. ಆಕೆ ನೀರು ತರಲು ಒಳಗೆ ಹೋದದ್ದೇ ತಡ, ಪೆಟ್ಟಿಗೆ ಅವನ ಚೀಲ ಸೇರಿತು.

ಕಿಟಕಿಯಿಲ್ಲದ ಅವನ ಸ್ಟುಡಿಯೋದಲ್ಲಿ ನಡುಹಗಲಲ್ಲೂ ಕತ್ತಲೆ. ಗೋಡೆಯ ಸ್ಪಂಜು ಹೊರಗಿನ ಸದ್ದನ್ನೆಲ್ಲ ನುಂಗಿಕೊಂಡಿತ್ತು. ಪೆಟ್ಟಿಗೆಯನ್ನು ಉಳಿದವುಗಳ ಸಾಲಿಗೆ ಕೂರಿಸಿ ಕರೆಂಟು ಕೊಟ್ಟೊಡನೆ ಸುಟ್ಟ ಕೂದಲಿನ ನಾತ ಹೊಡೆಯಿತು. ಬೆನ್ನು ಬಿಚ್ಚಿ ನೋಡಿದರೆ ಬೆಸುಗೆಗಳ ನಡುವೆ ಉದ್ದನೆಯ ಕೂದಲು ಸುತ್ತಿತ್ತು. "ಮಹಾರಾಯನಿಗೆ ತಂತಿಗೂ ಬರ ಇತ್ತೇನೋ," ಎಂದು ಗೊಣಗಿ ಮುಚ್ಚಿದ.

ಎದುರಿಗೆ ಮೈಕಿನ ಮುಂದೆ ತಂಗಿ ಕೂತಿದ್ದಳು. ಅಪ್ಪ ಅಮ್ಮ ಹೋದ ಮೇಲೆ ಅವನೇ ಎತ್ತಿ ಬೆಳೆಸಿದ ಹುಡುಗಿ. ಅವಳಿಗೊಂದು ಮುಳ್ಳು ಚುಚ್ಚಿದರೂ ಅವನ ಜೀವ ಹಿಂಡುತ್ತಿತ್ತು.

"ಒಂದ್ಸಲ 'ಆ' ಅನ್ನು ಪುಟ್ಟಿ."

"ಊಟ ಕೊಡಿಸ್ತೀಯಾ?"

"ಕೊಡಿಸ್ತೀನಿ ಕಣೇ, ಮೊದ್ಲು ಅನ್ನು."

ಅವನು ದನಿ ತುಂಬುವ ಗುಂಡಿ ಒತ್ತಿದ, ಕೆಂಪು ದೀಪ ಹತ್ತಿತು, ಅವಳು ಅಂದಳು, ಅವನು ದೀಪ ಆರಿಸಿದ. ಪೆಟ್ಟಿಗೆ ಆ ದನಿಯನ್ನು ಅಲೆ ಅಲೆಯಾಗಿ ಸೀಳಿ ತನ್ನ ವೇವ್‌ಟೇಬಲ್ ಎಂಬ ಅಲೆಗಳ ಪಟ್ಟಿಯಲ್ಲಿ ಸಾಲಾಗಿ ಜೋಡಿಸಿಕೊಂಡಿತು. ಒಂದು ಗುಂಡಿ ತಿರುಗಿಸಿದರೆ ದನಿ ಅಲೆಯಿಂದ ಅಲೆಗೆ ಜಾರುತ್ತಿತ್ತು. 'ಆ' ಹೋಗಿ ನರಳಾಟವಾಯಿತು. ಶಬ್ದಗಾರ ಖುಷಿಯಾದ. ಪಕ್ಕದ್ದು ಅಲೆಯನ್ನು ಮಡಚುವ ಗುಂಡಿ: ಎತ್ತರ ಮೀರಿದ ಅಲೆಯ ನೆತ್ತಿಯನ್ನು ಹಿಡಿದು ಕೆಳಕ್ಕೆ ಬಗ್ಗಿಸುತ್ತದೆ, ಬಗ್ಗಿಸಿದಷ್ಟೂ ದನಿ ಕರ್ಕಶ. ಮಡಿಕೆ ತಾನಾಗಿಯೇ ಮೆಲ್ಲಗೆ ಏರಿಳಿಯಲೆಂದು ಅದಕ್ಕೆ ಪಕ್ಕದ ಪೆಟ್ಟಿಗೆಯಿಂದೊಂದು ಕೇಬಲ್ ಚುಚ್ಚಿದ.

ಲಟಕ್.

ಅದು ಸ್ಪೀಕರಿನ ಸದ್ದಲ್ಲ. ತಂಗಿಯ ಎಡಗೈ ನಡುವಿಗೇ ಮುರಿದು ಹಿಂದಕ್ಕೆ ಮಡಚಿತ್ತು. ಮೂಳೆ ಚರ್ಮ ಹರಿದು ಹೊರಗೆ ಬಂತು. ಬೆಚ್ಚನೆಯ ರಕ್ತ ಅವನ ಮುಖಕ್ಕೆ ಚಿಮ್ಮಿತು.

ಕೈ ರೂಢಿಯಂತೆ ಕೇಬಲ್ ಕಿತ್ತಿತು. ಯಾವ ಯಂತ್ರವಾದರೂ ಅಲ್ಲಿಗೆ ನಿಲ್ಲಬೇಕು. ಆದರೆ ಕೇಬಲ್ ಇಲ್ಲದಾಗ ಮಡಿಕೆ ಪೂರ್ತಿ ಏರುವಂತೆ ಇದನ್ನು ಕಟ್ಟಿದ್ದ ಆ ಪುಣ್ಯಾತ್ಮ. ಲಟಕ್. ಮೊಣಕಾಲು ಹಿಮ್ಮುಖವಾಯಿತು. ಕೇಬಲ್ ಮತ್ತೆ ಚುಚ್ಚಹೋದ. ತೂತಿನ ತುಂಬ ಕೂದಲು. ಕರೆಂಟು ತೆಗೆದ. ಎಲ್ಲ ದೀಪಗಳೂ ಆರಿದವು. ಈ ಪೆಟ್ಟಿಗೆಯದೊಂದು ಆರಲಿಲ್ಲ.

"ಅಣ್ಣಾ, ಬೆನ್ನು! ನನ್ನ ಬೆನ್ನು!"

ಅವಳ ಬೆನ್ನು ಬಿಲ್ಲಾಗುತ್ತಿತ್ತು. 'ನನ್ನ ದನಿ ಅಳ್ಸಿ ತಮ್ಮದು ತುಂಬಿದ್ರು' ಎಂಬ ವಿಧವೆಯ ಮಾತು ಕಿವಿಯಲ್ಲಿ ಮೊಳಗಿತು. ದನಿ ತುಂಬುವ ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು. ಮೈಕು ಕಸಿದು, ಎದೆ ಬಿರಿಯುವಂತೆ ಕೂಗಿದ.

ಅವಳ ಬೆನ್ನು ಸಡಿಲಾಯಿತು. ಅವನ ದವಡೆ ಲಟಕ್ಕೆಂದಿತು. ಮುರಿದು ಎದೆಗೆ ಜೋತುಬಿತ್ತು. ಹಲ್ಲುಗಳು ನೆಲಕ್ಕುದುರಿದವು. ತೊಡೆ ಮಡಚಿತು. ಪಕ್ಕೆಲುಬುಗಳು ಒಂದರೊಳಗೊಂದು ಹೊಕ್ಕವು. ಕುಸಿದ. ಆ ನೋವಿನಲ್ಲೂ ಅವನಿಗೆ ಸಮಾಧಾನವಿತ್ತು. ತಂಗಿ ಉಳಿದಳು.

ಅವಳು ಒಂದೇ ಕೈಯಲ್ಲಿ ತೆವಳುತ್ತ ಬಂದಳು. ಇಬ್ಬರ ನಡುವೆ ಮೈಕು ಬಿದ್ದಿತ್ತು. ಕೆಂಪು ದೀಪ ಇನ್ನೂ ಉರಿಯುತ್ತಿತ್ತು.

ಕೂಗಬೇಡ ಎನ್ನಬೇಕು. ದವಡೆಯಿಲ್ಲ. ಕಣ್ಣಲ್ಲೇ ಬೇಡಿಕೊಂಡ. ಬೇಡ ಪುಟ್ಟಿ, ಬೇಡ.

ತಂಗಿ ಅವನ ಮುಖ ನೋಡಿದಳು. ಬಾಯ್ತುಂಬ "ಅಣ್ಣಾ!" ಎಂದು ಚೀರಿದಳು.

ಅವನ ಮೈ ಮಡಚುವುದು ನಿಂತಿತು.