ಹನ್ನೊಂದನೇ ಕಲಂ

ಆ ಮನೆಯ ಮುಂಬಾಗಿಲಿಗೆ ನಾನು ಸೋರಿಕೆ ಅಳೆಯುವ ದೊಡ್ಡ ಫ್ಯಾನ್ ಕಟ್ಟಿ ಸ್ವಿಚ್ ಹಾಕಿದ್ದೇ ತಡ, ಒಳಗಿದ್ದ ಕಾಗದಗಳೆಲ್ಲ ಎದ್ದು ಕುಣಿದವು. ಮನೆಯ ಯಜಮಾನ ಪುಸ್ತಕಗಳಿಗೆ ಬೈಂಡಿಂಗ್ ಹಾಕುವವನೆಂದು ನನಗೆ ಯಾರೂ ಹೇಳಿರಲಿಲ್ಲ. ಹೊಲಿಯಲೆಂದು ಜೋಡಿಸಿಟ್ಟಿದ್ದ ಹಾಳೆಗಳು ಕುರ್ಚಿಯ ಕೆಳಗೆ, ಅಂಟಿನ ಡಬ್ಬಿಯೊಳಗೆ, ಅವನ ಅಮ್ಮನ ಮಡಿಲಿಗೆ ಹಾರಿ ಬಿದ್ದವು.

“ಮನೆಗೆ ಗಾಳಿ ಎಲ್ಲಿಂದ ನುಗ್ಗುತ್ತೆ ಅಂತ ನೋಡೋಕೆ ಬಂದೋರು ನೀವೇ ತಾನೇ?” ಎಂದ ಅವನು, ಎರಡೂ ಕೈಯಲ್ಲಿ ಹಾಳೆ ಹಿಡಿದುಕೊಂಡು. “ಗೊತ್ತಾಯ್ತು ಬಿಡಿ. ನಿಮ್ಮ ಜೊತೆನೇ ಬಂತು.”

ಕೆಲಸದ ಮೇಲಿದ್ದವಳು ನಗಬಾರದಿತ್ತು. ನಕ್ಕುಬಿಟ್ಟೆ. ಕೆಟ್ಟದ್ದು ಅಲ್ಲಿಂದಲೇ.

ನನ್ನ ಕೆಲಸ ಸರಳ. ಚಳಿಗಾಲದಲ್ಲಿ ಮನೆಯ ಬಿಸಿ ಎಲ್ಲೆಲ್ಲಿ ಸೋರಿಹೋಗುತ್ತದೆಂದು ಅಳೆದು ವರದಿ ಕೊಡಬೇಕು. ವರದಿ ಒಪ್ಪಿಗೆಯಾದರೆ ಚಾವಣಿಗೆ ಹೊದಿಕೆ, ಕಿಟಕಿಗೆ ಎರಡು ಪದರದ ಗಾಜು, ಸಂದುಗಳಿಗೆ ರಬ್ಬರ್ ಪಟ್ಟಿ, ಎಲ್ಲಕ್ಕೂ ಸರ್ಕಾರದ ಸಹಾಯಧನ ಸಿಗುತ್ತದೆ. ಅವನಿಗೆ ಅದು ಬೇಕೇ ಬೇಕಿತ್ತು. ಅಮ್ಮನಿಗೆ ಉಬ್ಬಸ. ಇನ್ನೊಂದು ಚಳಿಗಾಲವನ್ನು ಆ ಥಂಡಿ ಕೋಣೆಯಲ್ಲಿ ಕಳೆದರೆ ತಾನು ಜವಾಬ್ದಾರನಲ್ಲ ಎಂದು ಡಾಕ್ಟರು ಕೈ ಚೆಲ್ಲಿದ್ದರು.

ಕಿಟಕಿಯ ಚೌಕಟ್ಟಿನ ಹತ್ತಿರ ನಾನು ಹೊಗೆ ಬಿಡುವ ಸಣ್ಣ ಕಡ್ಡಿ ಹಿಡಿಯುತ್ತಿದ್ದೆ. ಹೊಗೆ ಬಾಗಿದಲ್ಲೆಲ್ಲ ಅವನು ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದ. ಅಮ್ಮನ ಕೋಣೆಯಲ್ಲಿ ಹೊಗೆ ನೇರವಾಗಿ ಅವನ ಮುಖಕ್ಕೇ ಹೋಯಿತು. ಅವನು ಹಿಂದೆ ಸರಿಯಲಿಲ್ಲ. ಕಣ್ಣಲ್ಲಿ ನೀರು ತುಂಬಿದರೂ ರೆಪ್ಪೆ ಹೊಡೆಯದೆ ನನ್ನನ್ನೇ ನೋಡುತ್ತಿದ್ದ. ಕಡ್ಡಿ ಆಚೆ ಸರಿಸಬೇಕೆಂಬುದು ನನಗೂ ಮರೆತುಹೋಯಿತು.

“ಹೊಗೆ ಹುಡುಗಿ, ಕಿಟಕಿ ಆ ಕಡೆ ಇದೆ” ಎಂದರು ಮಂಚದಿಂದ ಅಮ್ಮ.

ಒಂದೇ ದಿನಕ್ಕೆ ಮುಗಿಯುವ ಕೆಲಸಕ್ಕೆ ನಾಲ್ಕು ಸಲ ಹೋದೆ. ಒಮ್ಮೆ ಕಿಟಕಿಯ ಅಳತೆ ತಪ್ಪಿತ್ತು, ಒಮ್ಮೆ ನನ್ನ ಪೆನ್ನು ಅಲ್ಲೇ ಉಳಿದಿತ್ತು. ಕುಣಿಯಲು ಬಾರದವಳಿಗೆ ನೆಲ ಡೊಂಕಾದರೆ, ಹೋಗಲೇಬೇಕಾದವಳಿಗೆ ಟೇಪು ಡೊಂಕು. ನಾಲ್ಕನೇ ಸಲ ಟೇಪಿನ ಆ ತುದಿ ಹಿಡಿದು ನಿಂತವನು ತಲೆ ಎತ್ತದೆ ಕೇಳಿದ: “ಎಲ್ಲಾ ಮುಗಿದ ಮೇಲೂ ಬರ್ತೀಯಾ?”

ಬರುತ್ತೇನೆ ಎಂದೆ. ನಮ್ಮ ಒಪ್ಪಂದ ಅಷ್ಟೇ. ಮದುವೆಯ ಮಾತು ಯಾರೂ ಎತ್ತಲಿಲ್ಲ, ಆದರೆ ಇಬ್ಬರಿಗೂ ಗೊತ್ತಿತ್ತು.

ವರದಿಯ ಹನ್ನೊಂದನೇ ಕಲಮಿನಲ್ಲಿ ಒಂದು ಪ್ರಶ್ನೆ ಇದೆ: ಪರಿಶೀಲಕರಿಗೂ ಮನೆಯ ಮಾಲೀಕರಿಗೂ ಯಾವುದೇ ಸಂಬಂಧವಿದೆಯೇ? ಒಂಬತ್ತು ವರ್ಷದಿಂದ ಪೆನ್ನು ಎತ್ತದೆ ‘ಇಲ್ಲ’ ಎಂದು ಬರೆದು ಮುಂದೆ ಹೋಗುತ್ತಿದ್ದವಳು ನಾನು. ಅಂದು ಕೈ ನಿಂತಿತು. ವರದಿಯಲ್ಲಿ ಸುಳ್ಳು ಬರೆದು ನನಗೆ ಅಭ್ಯಾಸವಿಲ್ಲ. ‘ಇದೆ. ಇವರನ್ನು ಮದುವೆಯಾಗಲಿದ್ದೇನೆ’ ಎಂದು ಬರೆದೆ. ನನ್ನ ಜೀವನದ ಮೊದಲ ಪ್ರೇಮಪತ್ರ ಅದು, ಮೂರು ಪ್ರತಿಗಳಲ್ಲಿ. ಬೇರೊಬ್ಬರು ಹೋಗಿ ಇನ್ನೊಮ್ಮೆ ಅಳೆಯುತ್ತಾರೆ, ವಾರದ ಮಾತು ಎಂದುಕೊಂಡಿದ್ದೆ. ಅವನನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲೇ ಇಲ್ಲ.

ಫೈಲು ನಿಂತುಹೋಯಿತು. ಮೂರು ದಿನದೊಳಗೆ ವಿವರಣೆ ಕೊಡಿ, ಇಲ್ಲವಾದರೆ ಅರ್ಜಿ ವಜಾ ಎಂದು ಅವನಿಗೆ ಪತ್ರ ಹೋಯಿತು. ಆ ವರ್ಷದ ಸಹಾಯಧನಕ್ಕೆ ಕೊನೆಯ ದಿನಾಂಕವೂ ಅದೇ ವಾರ ಇತ್ತು.

ಅವನು ನನಗೆ ಫೋನ್ ಮಾಡಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಅವನ ಉತ್ತರವನ್ನು ನಮ್ಮ ಮೇಲಧಿಕಾರಿ ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು. ಅವನದೇ ಅಚ್ಚುಕಟ್ಟಾದ ಅಕ್ಷರ. ‘ಆ ಪರಿಶೀಲಕಿಗೂ ನಮಗೂ ಯಾವ ಸಂಬಂಧವೂ ಇಲ್ಲ. ಮನೆಗೆ ಬಂದವರನ್ನು ಮರ್ಯಾದೆಯಿಂದ ಮಾತನಾಡಿಸಿದ್ದನ್ನು ಅವರು ತಪ್ಪಾಗಿ ತಿಳಿದುಕೊಂಡಿರಬಹುದು.’

ಎರಡನೇ ವಾಕ್ಯವನ್ನು ಯಾರೂ ಕೇಳಿರಲಿಲ್ಲ. ‘ಇಲ್ಲ’ ಎಂದಿದ್ದರೆ ಸಾಕಿತ್ತು.

ಆಫೀಸಿನಲ್ಲಿ ಅದನ್ನು ಓದದವರಿರಲಿಲ್ಲ. ನಾನು ಬಂದರೆ ಚಹಾದ ಮೇಜು ತಣ್ಣಗಾಗುತ್ತಿತ್ತು. ಮನೆಗಳಿಗೆ ಹೋಗುವ ಕೆಲಸ ತೆಗೆದು ಅರ್ಜಿ ಸ್ವೀಕರಿಸುವ ಕಿಟಕಿಯಲ್ಲಿ ಕೂರಿಸಿದರು. ಮಾಡಿದ್ದುಣ್ಣೋ ಮಹಾರಾಯ ಎಂದು ನನಗೆ ನಾನೇ ಹೇಳಿಕೊಂಡು ಮುದ್ರೆ ಒತ್ತುತ್ತಾ ಕುಳಿತೆ. ಅವನ ಅರ್ಜಿಗೆ ಒಪ್ಪಿಗೆ ಸಿಕ್ಕಿತು.

ಚಳಿ ಬಿದ್ದ ಮೇಲೆ ಅವನ ಅಮ್ಮ ಫೋನ್ ಮಾಡಿ, ಒಂದೇ ಒಂದು ಸಲ ಬಂದು ಹೋಗು ಎಂದರು. ಮಧ್ಯಾಹ್ನ ಹೋದೆ. ಅಮ್ಮ ಶಾಲು ಹೊದೆಯದೆ ಕುಳಿತಿದ್ದರು. ಒಂದೇ ಉಸಿರಿನಲ್ಲಿ ಇಡೀ ವಾಕ್ಯ ಹೇಳಿದರು: “ತಪ್ಪು ಅವನದ್ದೇ ಕಣಮ್ಮ, ನನ್ನ ಮುಖ ನೋಡಿ ಹೊಟ್ಟೆಗೆ ಹಾಕ್ಕೋ.”

ಅವನು ಪುಸ್ತಕ ಅದುಮುವ ಪ್ರೆಸ್ಸಿನ ಪಕ್ಕದಲ್ಲಿ ನಿಂತಿದ್ದ. ಸೊರಗಿದ್ದ. ಸಿಟ್ಟು ಬಂದರೆ ಪ್ರೀತಿ ಹೋಗುತ್ತದೆ ಎಂದವರು ಯಾರೋ, ಅವರಿಗೆ ಎರಡೂ ಗೊತ್ತಿರಲಿಲ್ಲ. ಆಫೀಸಿನ ಪತ್ರ ಬಂದ ದಿನ ಅಮ್ಮನ ತುಟಿ ನೀಲಿಯಾಗಿತ್ತು, ಕೈಗೆ ಸಿಕ್ಕಿದ್ದನ್ನು ಬರೆದೆ ಎಂದ. ಈಗ ಎಲ್ಲ ಮುಗಿಯಿತು, ಇನ್ನು ಯಾರೂ ಏನೂ ಕೇಳುವುದಿಲ್ಲ, ಮದುವೆಯಾಗೋಣ ಎಂದ.

“ನನ್ನನ್ನ ಕೇಳಿದ್ರೆ ನಾನೇ ಬರ್ಕೊಡ್ತಿದ್ದೆ” ಎಂದೆ. “ಅಮ್ಮನಿಗೋಸ್ಕರ, ನಾನು ಬರೆದಿದ್ದು ಸುಳ್ಳು ಅಂತ.”

“ನೀನೂ ನನ್ನ ಕೇಳಿರಲಿಲ್ಲ.”

“ಹೌದು. ನಾನು ಕೇಳದೇನೇ ‘ಇದೆ’ ಅಂದೆ. ನೀನು ಕೇಳದೇನೇ ‘ಇಲ್ಲ’ ಅಂದೆ. ಎರಡೂ ತಪ್ಪೇ. ಆದ್ರೆ ಎರಡೂ ಒಂದೇ ಅಲ್ಲ.”

ಅಭ್ಯಾಸಬಲದಿಂದ ಚೀಲದಲ್ಲಿದ್ದ ಕಡ್ಡಿ ತೆಗೆದು ಅಮ್ಮನ ಕಿಟಕಿಗೆ ಹಿಡಿದೆ. ಹೊಗೆ ಎಲ್ಲೂ ಬಾಗದೆ ನೆಟ್ಟಗೆ ಮೇಲೆ ಹೋಯಿತು. ಕೆಲಸ ಚೆನ್ನಾಗಿ ಮಾಡಿದ್ದಾರೆ ಎಂದು ಅಮ್ಮನಿಗೆ ಹೇಳಿ ಅವರ ಕಾಲು ಮುಟ್ಟಿ ಹೊರಟೆ.

ಅವನು ಬಾಗಿಲವರೆಗೂ ಬಂದ. ನಾನು ಮೆಟ್ಟಿಲಿಳಿದರೂ ಬಾಗಿಲು ತೆರೆದುಕೊಂಡೇ ನಿಂತಿದ್ದ.

“ಬಾಗಿಲು ಹಾಕಿ” ಎಂದೆ. “ಅಮ್ಮನಿಗೆ ಚಳಿ ಆಗುತ್ತೆ.”

ಅವನು ಬಾಗಿಲು ಹಾಕಿಕೊಂಡ. ಮೊದಲೆಲ್ಲ ಆ ಬಾಗಿಲು ಹಾಕಿದ ಮೇಲೂ ಅಮ್ಮನ ಕೆಮ್ಮು, ಅವನ ಹೆಜ್ಜೆ, ಕಾಗದ ಮಗುಚುವ ಸದ್ದು ಬೀದಿಗೆ ಕೇಳುತ್ತಿತ್ತು. ಅಂದು ಕೊನೆಯ ಮೆಟ್ಟಿಲ ಮೇಲೆ ಎಷ್ಟು ಹೊತ್ತು ನಿಂತರೂ ನನಗೆ ಏನೂ ಕೇಳಿಸಲಿಲ್ಲ.