ಪದ್ಯದೊಳಗಿನ ಅತ್ತಿಗೆ

ರೊಟ್ಟಿ ಬಡಿಯುತ್ತಿದ್ದ ಕಸ್ತೂರೆಮ್ಮನ ಕೈ ನಿಂತೇ ಹೋಯಿತು. ಪಡಸಾಲೆಯಲ್ಲಿ ಗೋಪಣ್ಣ ಮಾಸ್ತರರು ವಾರಪತ್ರಿಕೆ ಹಿಡಿದು ಓದುತ್ತಿದ್ದ ಪದ್ಯದಲ್ಲಿ ಈಗಷ್ಟೇ ಬಂದು ಹೋದ ಕಲ್ಲೆದೆಯ ಹೆಂಗಸು ಬೇರೆ ಯಾರೂ ಅಲ್ಲ, ಅವಳೇ!

ಗವಾಯಿ ಜಂಬಣ್ಣ ಹುಬ್ಬಳ್ಳಿಯಲ್ಲಿ ತೀರಿಕೊಂಡು ಹದಿನೈದು ದಿನವಾಗಿತ್ತು. ಅವನ ಹಾಡಿಗೆ ತಲೆದೂಗಿದ ನಾಡೆಲ್ಲ ಈಗ ಅಳುತ್ತಿತ್ತು. ಪಾಮನಕಲ್ಲೂರಿನ ಈ ಮನೆಗೆ ಮಾತ್ರ ಅವನು ಗವಾಯಿಯಲ್ಲ. ಅಮರಗುಂಡಪ್ಪನ ತಮ್ಮ, ಕಸ್ತೂರೆಮ್ಮನ ಮೈದುನ. ನಿಜಾಮನ ಕಾಲದಲ್ಲಿ, ಹದಿಮೂರರ ವಯಸ್ಸಿನಲ್ಲಿ ಮನೆ ಬಿಟ್ಟವನು ಇಪ್ಪತ್ತೈದು ವರ್ಷ ಈ ಕಡೆ ತಿರುಗಿ ನೋಡಿರಲಿಲ್ಲ. ಪದ್ಯ ಅದರ ಕಾರಣ ಹೇಳುತ್ತಿತ್ತು. ತಾಯಿಯಿಲ್ಲದ ಆ ಹುಡುಗನ ವೀಣೆಯನ್ನು ಅತ್ತಿಗೆ ಮುರಿದಳಂತೆ, ಹಸಿದ ಹೊಟ್ಟೆಯಲ್ಲಿ ಹೊರಗಟ್ಟಿದಳಂತೆ. ದೇವರಂಥ ಅಣ್ಣ ಊರೂರು ಅಲೆದು ಹುಡುಕಿ ಅತ್ತನಂತೆ.

ಓದು ಮುಗಿಯಿತು. ಪಕ್ಕದ ಮನೆಯ ಅಂಬಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಯ್ಯ ಶಿವನೇ! ಎಂಥಾಕಿ ಕೈಯಾಗ ಸಿಕ್ಕಿತ್ತು ಕೂಸು!" ಕಿರಾಣಿ ಅಂಗಡಿಯ ಕರಿಬಸಪ್ಪ ಎದ್ದು ಬಂದು ಅಮರಗುಂಡಪ್ಪನ ಕಾಲು ಮುಟ್ಟಿ ನಮಸ್ಕರಿಸಿದ.

ಹಿಟ್ಟಿನ ಕೈಯಲ್ಲೇ ಕಸ್ತೂರೆಮ್ಮ ಹೊರಗೆ ಬಂದಳು. ಊರೇ ಹೆದರುವ ಬಾಯಿ ಅದು!

"ಯಾವ ವೀಣಿ ರೀ, ಮಾಸ್ತರ? ನಮ್ಮನ್ಯಾಗ ವೀಣಿ ಯಾರಪ್ಪ ತಂದಿಟ್ಟಿದ್ದ? ಬಿತ್ತಾಕ ಜ್ವಾಳ ತುಂಬಿಟ್ಟಿದ್ದ ಸೋರೆ ಬುರುಡಿ ಅದು! ಬಿತ್ತಿಗಿ ಎಂಟು ದಿನ ಇತ್ತು. ಕಾಳೆಲ್ಲ ಅಂಗಳಕ್ಕ ಸುರುವಿ, ಬುರುಡಿಗೆ ತಂತಿ ಬಿಗಿದು ಟಿಣ್ ಟಿಣ್ ಅನ್ನಾಕತ್ತಿದ್ದ. ಎತ್ತು ಬಿಚ್ಚಿಕೊಂಡು ಬಂದು ಬೀಜ ಮೇದು ಹೋದವು. ಹೊಡದೆ! ಹೌದು, ಹೊಡದೆ! ಬುರುಡಿನೂ ಒಡದೆ. ಮನಿ ಬಿಟ್ಟು ಹೋಗಂತನೂ ಅಂದೆ. ಆದರ ಉಪವಾಸ ಕಳಿಸಿಲ್ಲ! ಎರಡು ರೊಟ್ಟಿ ಉಂಡಿದ್ದ ಅಂವ. ಈ ಪದ್ಯ ಬರದಾತ ನಮ್ಮ ಒಲಿ ಮುಂದ ಕುಂತಿದ್ನೇನು?"

ಆಗ ಅವಳಿಗೆ ತಾನೇನು ಆಡಿಬಿಟ್ಟೆನೆಂದು ಹೊಳೆಯಿತು. 'ನಾಟಕ ಕಂಪನಿಯ ಹುಚ್ಚು ಹಿಡಿದು ತಾನಾಗಿಯೇ ಹೋದ' ಎಂದು ಇಷ್ಟು ವರ್ಷ ಗಂಡನಿಗೆ ಹೇಳಿಕೊಂಡು ಬಂದಿದ್ದಳು... ಅಮರಗುಂಡಪ್ಪ ತಲೆ ಎತ್ತಲಿಲ್ಲ.

"ಪದ್ಯದಾಗ ತಪ್ಪಿದ್ದರ ತಿದ್ದಸೋಣ ತಾಯಿ," ಎಂದರು ಮಾಸ್ತರರು. ಅವಳು ಹೇಳಿದ್ದನ್ನೆಲ್ಲ ಅಲ್ಲೇ ಕಾಗದದ ಮೇಲೆ ಇಳಿಸಿಕೊಂಡರು. "ನಾಳೆ ಟಪಾಲಿಗೆ ಹಾಕತೀನಿ."

ಜನ ಹೋದ ಮೇಲೆ ಅವಳು ಗಂಡನ ಮುಂದೆ ನಿಂತಳು. "ನಿಮಗ ಸುಳ್ಳು ಹೇಳಿದ್ದೆ. ಇನ್ನ ನನ್ನ ಕೈ ರೊಟ್ಟಿ ಉಣ್ಣತೀರೋ ಇಲ್ಲೋ, ಒಂದ ಮಾತು ಹೇಳಿಬಿಡ್ರಿ."

"ನನಗ ಗೊತ್ತಿತ್ತು."

"ಏನು?"

"ಆವತ್ತೇ ಗೊತ್ತಿತ್ತು, ಕಸ್ತೂರಿ. ಮಸ್ಕಿ ಸಂತಿಯಿಂದ ಬರಾಕತ್ತಿದ್ದೆ. ಹಳ್ಳದ ದಂಡ್ಯಾಗ ಕುಂತಿದ್ದ, ಬೆನ್ನ ತುಂಬ ಬಾಸುಂಡಿ. ಉಂಡೀಯೇನಲೇ ಅಂದೆ. ಅತ್ತಿಗಿ ಹಾಕ್ಯಾಳ ಅಂದ..."

"ಕರಕೊಂಡು ಬರಬೇಕಿತ್ತಲ್ರೀ!"

"ಬರಬೇಕಿತ್ತು... ಮುದಗಲ್ಲಿಗೆ ಕಂಪನಿ ಬಂಡಿ ಹೊಂಟಿತ್ತು. ನಾನೇ ಹತ್ತಿಸಿದೆ. ಹೊಲ ಎರಡು ಪಾಲಾಗೋದು ತಪ್ಪತದ ಅನಿಸಿತು ನನಗ. ಒಂದು ಊರೂ ಹುಡುಕಿಲ್ಲ. ಒಂದು ಊರೂ!"

ಕಸ್ತೂರೆಮ್ಮನ ಮೈಯೆಲ್ಲ ಉರಿಯಿತು. "ಇಪ್ಪತ್ತೈದು ವರ್ಷ! ಎಂದು ಗೊತ್ತಾಗತದೋ, ಎಂದು ಹೊರಗ ಹಾಕತೀರೋ ಅಂತ ಹೆದರಿಕೊಂಡು ದಿನಾ ರೊಟ್ಟಿ ಬಡದೆ... ನೀವು ಗೊತ್ತಿದ್ದೂ ಸುಮ್ಮ ಉಂಡ್ರಲ್ಲ!"

ಅವನು ಗೋಡೆಗೆ ಒರಗಿ ಬಿಕ್ಕಿದ. "ಕರಿಬಸಪ್ಪ ಕಾಲು ಮುಟ್ಟಿದಾಗ ಹಿಂದಕ್ಕ ಜಗ್ಗಿಕೊಳ್ಳಾಕ ಆಗಲಿಲ್ಲ. ಪದ್ಯದಾಗಿನ ಆ ಅಣ್ಣ ನಾನೇ ಆಗಿದ್ದರ ಎಷ್ಟು ಚೊಲೋ ಇತ್ತು ಅನಿಸಿತು... ನೀ ಉಪವಾಸ ಕಳಿಸಿಲ್ಲ ಅಂತ ನಾನೇ ಸಾಕ್ಷಿ ಹೇಳತೀನಿ. ಊರು ಉಗುಳಿದರ ಉಗುಳಲಿ."

ಆ ಸಂಜೆ ಅವಳು ಅವನಿಗೆ ಊಟಕ್ಕೆ ಬಡಿಸಿದಳು, ತಾನು ಉಣ್ಣಲಿಲ್ಲ.

ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಶಾಲೆಯ ಬಾಗಿಲಲ್ಲಿ ನಿಂತಿದ್ದಳು. "ಮಾಸ್ತರ, ನಿನ್ನಿ ಕಾಗದ ಕೊಡ್ರಿ."

ಕೊಟ್ಟರು. ಅವಳು ಅದನ್ನು ನಾಲ್ಕು ಚೂರು ಮಾಡಿದಳು.

"ಯಾಕ್ರೀ ತಾಯಿ? ಉಪವಾಸ ಕಳಿಸಿಲ್ಲ ಅಂದ್ರಲ್ಲ?"

ಎರಡು ರೊಟ್ಟಿ... ಗಂಟಲಿಗೆ ಬಂದ ಮಾತನ್ನು ಅವಳು ನುಂಗಿಕೊಂಡಳು. ಆ ರೊಟ್ಟಿಗೆ ಈಗ ಉಳಿದಿರುವ ಸಾಕ್ಷಿ ಗಂಡನೊಬ್ಬನೇ. ಅವನು ಬಾಯಿ ತೆರೆದರೆ ಪದ್ಯದಲ್ಲಿ ಆ ದೇವರಂಥ ಅಣ್ಣ ಉಳಿಯುವುದಿಲ್ಲ.

"ಉಪವಾಸನೇ ಕಳಿಸಿದ್ದೆ ರೀ," ಎಂದಳು. "ನಿನ್ನಿ ಮಂದಿ ಮುಂದ ಮಾನ ಹೋದೀತು ಅಂತ ಸುಳ್ಳು ಹೇಳಿದೆ. ಪದ್ಯ ಬರದಾತ ಖರೇನೇ ಬರದಾನ. ಅದರಾಗ ಒಂದು ಅಕ್ಷರನೂ ತಿದ್ದಬ್ಯಾಡ್ರಿ."

ಮಾಸ್ತರರ ಮುಖದ ಮೇಲೆ ಅಸಹ್ಯ ಮೂಡಿದ್ದನ್ನು ಅವಳು ಕಣ್ಣು ಕೀಳದೆ ನೋಡಿದಳು. ಆಮೇಲೆ ಸೆರಗು ತಲೆಗೆಳೆದುಕೊಂಡು, ರೊಟ್ಟಿ ಬಡಿಯುವ ಹೊತ್ತಾಯಿತೆಂದು ಮನೆಯ ಕಡೆ ನಡೆದಳು.