ದಣಿದು ನಿಂತ ದಂಡು

ಹಿಂದಿನ ದಿನವಷ್ಟೇ ಅವನು ಮದುವೆಗೆ ಹೂಂ ಅಂದಿದ್ದ. ಕಾಯಿಲೆ ಗೊತ್ತಾದಾಗಿನಿಂದ ಮೂರು ತಿಂಗಳು ಬೇಡವೆಂದೇ ಹಟ ಹಿಡಿದಿದ್ದವನು. ಒಪ್ಪಿಸಿದ್ದು ಅವಳದೊಂದು ಮಾತು, ಅದೂ ಆತುರದ್ದು.

ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಗಡ್ಡೆಯ ತುಣುಕುಗಳಿಗೆ ಬಣ್ಣ ಹಾಕಿ ಸ್ಲೈಡ್ ಮಾಡುವವಳು. ಅವನು ಅದೇ ಕಟ್ಟಡದ ಲಿಫ್ಟ್ ರಿಪೇರಿಯವನು. ಆಪರೇಷನ್ನಿನಲ್ಲಿ ತೆಗೆದ ಅವನ ಕಿಡ್ನಿಯ ಗಡ್ಡೆ ಅವಳ ಮೇಜಿಗೇ ಬಂದಿತ್ತು. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟರೆ, ರೋಗದೊಡನೆ ಸೆಣಸುವ ಕಣಗಳು ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತಿದ್ದವು. ಹನ್ನೊಂದು ವರ್ಷ ಸ್ತನದ, ಕರುಳಿನ ಗಡ್ಡೆಗಳನ್ನೇ ನೋಡಿದ ಕಣ್ಣು ಅದು. ಅಲ್ಲಿ ಈ ಕಣಗಳು ಹೆಚ್ಚಿದ್ದಷ್ಟೂ ಒಳ್ಳೆಯದು. ರಿಪೋರ್ಟಿಗೂ ಕಾಯದೆ ಓಡಿಹೋಗಿ ಹೇಳಿದ್ದಳು: "ನಿಮ್ಮೊಳಗೆ ದಂಡೇ ಇದೆ ಕಣ್ರೀ, ಭಯ ಬೇಡ!"

ಇವತ್ತು, ಇಬ್ಬರ ವಿಷಯ ಗೊತ್ತಿದ್ದ ದೊಡ್ಡ ಡಾಕ್ಟರಮ್ಮ ಅವಳನ್ನು ಕೂರಿಸಿಕೊಂಡರು.

"ಕಿಡ್ನಿಲಿ ಬಹಳ ಸಲ ಉಲ್ಟಾ ಕಣಮ್ಮ. ದಂಡೇನೋ ಬಂದಿದೆ, ದಣಿದು ಕೈಕಟ್ಟಿ ನಿಂತಿದೆ. ಜೀನ್ ಪರೀಕ್ಷೆನೂ ಚೆನ್ನಾಗಿಲ್ಲ. ಗಡ್ಡೆ ಮರಳಿ ಬರೋ ಸಂಭವವೇ ಜಾಸ್ತಿ."

"ಮದ್ದೇ ಇಲ್ವಾ, ಅಮ್ಮ?"

"ಆ ದಂಡನ್ನ ಎಬ್ಬಿಸೋ ಇಂಜೆಕ್ಷನ್ ಇದೆ. ಕೆಲವರಿಗೆ ಹಿಡಿಯುತ್ತೆ. ಎಲ್ಲರಿಗೂ ಅಲ್ಲ."

ಅವನನ್ನು ಹುಡುಕಿ ಅವಳು ಮೆಟ್ಟಿಲು ಹತ್ತಿದಳು. ಮದುವೆ ಮುಗಿಯಲಿ, ಆಮೇಲೆ ಹೇಳಿದರಾಯಿತು ಎಂದಿತು ಮನಸ್ಸು. ಪಾಪಿ ಮನಸ್ಸು!

ಲಿಫ್ಟಿನ ಮೋಟಾರು ಕೋಣೆಯಲ್ಲಿ ಅವನು ಗ್ರೀಸಿನ ಕೈಯಲ್ಲೇ ತಿರುಗಿ ನಕ್ಕ. ಓರೆನೋಟ ಅವಳ ಕೆದರಿದ ಮುಂಗುರುಳಿನ ಮೇಲೆ ತುಸು ನಿಂತಿತು.

"ಬಾರಮ್ಮ ದಂಡನಾಯಕಿ! ನಮ್ಮ ಸೈನ್ಯಕ್ಕೆ ಊಟ ಆಯ್ತಾ?"

ಆ ನಗುವಿಗೆ ಅವಳು ಸೋತಳು. ಅಳುತ್ತಲೇ ಎಲ್ಲ ಹೇಳಿದಳು, ಒಂದಕ್ಷರ ಬಿಡದೆ.

ಅವನು ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿದ. "ಹಾಗಾದ್ರೆ ನನ್ನ ಮಾತು ವಾಪಸ್ಸು ಕೊಡು."

"ಕೊಡಲ್ಲ. ನಾನು ಹೇಳಿದ್ದು ತಪ್ಪಾಯ್ತು, ಒಪ್ತೀನಿ. ನೀವು ಹೇಳಿದ್ದು ತಪ್ಪು ಅನ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಮುಚ್ಚಿಟ್ಟು ಮದುವೆ ಆಗಬಹುದಿತ್ತಲ್ಲೇ, ಹುಚ್ಚಿ?"

"ಆಗಬಹುದಿತ್ತು. ಆಮೇಲೆ ಈ ಮುಖ ನೋಡೋದು ಹೇಗೆ?"

ಒರೆಸಿದರೂ ಕಪ್ಪು ಬಿಡದ ಕೈಯಲ್ಲೇ ಅವನು ಅವಳ ಕೆನ್ನೆ ಹಿಡಿದ.

"ನಮ್ಮಕ್ಕ ಮದುವೆನ ಮುಂದಿನ ತಿಂಗಳು ಇಟ್ಕೊಳ್ಳೋಣ ಅಂದಿದಾಳೆ. ಆಗಲ್ಲ ಅಂತ ಹೇಳ್ಬಿಡು."

ಅವಳು ಕೆನ್ನೆಯ ಮೇಲಿದ್ದ ಅವನ ಕೈ ಸರಿಸಹೋದಳು.

"ಈ ಗುರುವಾರ ಆಗಲಿ. ಒಂದು ತಿಂಗಳು ದಂಡ ಮಾಡೋಷ್ಟು ಪುರುಸೊತ್ತು ನನ್ನ ಹತ್ರ ಇಲ್ಲ."